ಅವಸರವೇನಿಲ್ಲ ಎನ್ನುತ್ತಿದ್ದ ಲೋರ್ನಾ

ಲೋರ್ನಾ ಹೇವರ್‌ಕ್ಯಾಂಪ್ ಇಪ್ಪತ್ತಾರು ವರ್ಷ ಒಂದೇ ಕೋಣೆಯಲ್ಲಿ ಕೂತು ಒಂದೇ ಕೆಲಸ ಮಾಡಿದಳು. ಅಯೋವಾದ ಜೋಳದ ಹೊಲಗಳ ನಡುವಿನ ನಮ್ಮೂರ ಎರಡು ವರ್ಷದ ಕಾಲೇಜಿಗೆ ಸೇರಿದವರು ಯಾವ ಟರ್ಮಿನಲ್ಲಿ ಯಾವ ಕೋರ್ಸು ತೆಗೆದುಕೊಳ್ಳಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು ಎಂದು ಹೇಳುವುದು ಅವಳ ಕೆಲಸ. ಅವಳು ಪಾಠ ಮಾಡುವವಳಲ್ಲ, ಅಂಕ ಹಾಕುವವಳೂ ಅಲ್ಲ. ಆದರೆ ಅವಳ ಎದುರು ಒಂದು ಸಲ ಕೂತು ಎದ್ದ ಹೊರತು, ಅವಳು ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಟ್ಟ ಹೊರತು, ಯಾರೂ ಯಾವ ತರಗತಿಗೂ ಹೆಸರು ಬರೆಸುವಂತಿರಲಿಲ್ಲ. ಹಾಗಾಗಿ ಊರಿನ ಅರ್ಧ ಜನ ಒಮ್ಮೆಯಾದರೂ ಆ ಕೋಣೆಯಲ್ಲಿ ಕೂತು ಅವಳ ಬಟ್ಟಲಿನ ಮಿಠಾಯಿ ಬಾಯಿಗೆ ಹಾಕಿಕೊಂಡವರೇ.

ಕೋಣೆ ದೊಡ್ಡದೇನಲ್ಲ. ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗ, ಅದರಾಚೆ ಹೆದ್ದಾರಿ. ಬಾಗಿಲ ಪಕ್ಕದಲ್ಲಿ ಅವಳೇ ಬರೆದು ಅಂಟಿಸಿದ ಹಾಳೆ: ನಿಮ್ಮ ಸಲಹೆಗಾರರಿಂದ ನೀವು ಏನನ್ನು ನಿರೀಕ್ಷಿಸಬಹುದು. ನಿಮ್ಮ ಮಾತಿಗೆ ಕಿವಿಗೊಡುತ್ತೇವೆ, ನಿಯಮಗಳನ್ನು ತಿಳಿಸುತ್ತೇವೆ, ದಾರಿ ತೋರಿಸುತ್ತೇವೆ. ನಿಮ್ಮ ಬದಲಿಗೆ ತೀರ್ಮಾನ ಮಾತ್ರ ನಾವು ಮಾಡುವುದಿಲ್ಲ. ಆ ಹಾಳೆಯನ್ನು ಓದಿದವರು ಕಡಿಮೆ. ಹಂದಿಮಾಂಸದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವನಿಗೆ, ಐವತ್ತರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡು ಪುಸ್ತಕ ಹಿಡಿದವನಿಗೆ, ಎರಡು ಮಕ್ಕಳನ್ನು ತಾಯಿಯ ಮನೆಯಲ್ಲಿ ಬಿಟ್ಟು ಓಡಿಬಂದವಳಿಗೆ ಗೋಡೆ ಓದುವ ವ್ಯವಧಾನ ಎಲ್ಲಿಂದ? ಅವರು ಕೂರುತ್ತಿದ್ದರು, ಕೋರ್ಸಿನ ಮಾತು ಬಿಟ್ಟು ಉಳಿದೆಲ್ಲವನ್ನೂ ಹೇಳುತ್ತಿದ್ದರು. ಲೋರ್ನಾ ಕೇಳುತ್ತಿದ್ದಳು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಕೊನೆಗೆ ಕಾಗದದ ಕರವಸ್ತ್ರದ ಡಬ್ಬಿ ಮುಂದೆ ತಳ್ಳಿ, "ಏನೂ ಅವಸರ ಇಲ್ಲ ಕಣಮ್ಮಾ. ಒಂದೊಂದೇ ಮಾಡ್ಕೊಂಡ್ ಹೋಗು. ಕಾಲೇಜು ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದಳು.

ಆ ಮಾತು ಅವಳ ಬಾಯಿಗೆ ಸುಮ್ಮನೆ ಬಂದಿದ್ದಲ್ಲ. ಹದಿನೇಳು ವರ್ಷದವಳಿದ್ದಾಗ ಶಾಲೆಯಲ್ಲಿ ಇಂಥದೇ ಕೆಲಸದ ಒಬ್ಬ ಮನುಷ್ಯ ಅವಳ ಅಂಕಪಟ್ಟಿಯ ಮೇಲೆ ಕಣ್ಣಾಡಿಸಿ, ನಾಲ್ಕೇ ನಿಮಿಷದಲ್ಲಿ, "ಟೈಪಿಂಗ್ ಕಲ್ತ್ಕೋ, ಕಾಲೇಜು ನಿನ್ನ ಕೈಲಾಗೋ ಮಾತಲ್ಲ" ಎಂದು ಕಳಿಸಿದ್ದ. ಅವಳು ನಂಬಿದಳು. ಹದಿಮೂರು ವರ್ಷ ರೈತರ ಸಂಘದ ಕಚೇರಿಯಲ್ಲಿ ಧಾನ್ಯದ ರಸೀದಿ ಬರೆದಳು. ಆಮೇಲೆ ಗಂಡನಿಗೂ ಹೇಳದೆ ಸಂಜೆಯ ತರಗತಿಗೆ ಸೇರಿ, ಟರ್ಮಿಗೆ ಒಂದರಂತೆ ಕೋರ್ಸು ಮುಗಿಸುತ್ತಾ ಡಿಗ್ರಿ ತೆಗೆದುಕೊಂಡಳು. ಅವಳ ಕಾಲದಲ್ಲಿ ಯಾವ ಕೋರ್ಸಿಗೂ ವಯಸ್ಸಾಗುತ್ತಿರಲಿಲ್ಲ. ನಿಧಾನವಾಗಿ ಹೋದವಳು ತಲುಪಿದ್ದಳು. ಎಲ್ಲರೂ ಹಾಗೆಯೇ ತಲುಪುತ್ತಾರೆ ಎಂದು ತಿಳಿದಿದ್ದಳು.

ಇಷ್ಟು ಕೇಳಿ ಯಾರಿಗಾದರೂ ಲೋರ್ನಾ ದೇವರಂಥವಳು ಎನಿಸಿದ್ದರೆ ಸ್ವಲ್ಪ ತಡೆಯಿರಿ. ಒಳ್ಳೆಯವಳು ಹೌದು. ಆದರೆ ಒಳ್ಳೆಯವಳು ಎನಿಸಿಕೊಳ್ಳುವ ಆಸೆ ಅವಳಿಗೆ ಒಳ್ಳೆಯತನಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಎದುರು ಕೂತವರ ಮುಖ ಬಾಡಿಸುವ ಮಾತು ಅವಳ ನಾಲಿಗೆಗೆ ಬರುತ್ತಿರಲಿಲ್ಲ. ಬರಬೇಕಾಗಿ ಬಂದರೆ ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತಿದ್ದಳು. ಅವಳ ಗಂಡ ಡೀನ್ ಬದುಕಿದ್ದಾಗ, "ನಮ್ಮ ಮನೇಲಿ ಕೆಟ್ಟ ಸುದ್ದಿ ಹೇಳೋ ಕೆಲಸ ನಂದೇ. ಇವಳು ಹಣ್ಣಿನ ಪೈ ಬೇಯಿಸ್ಕೊಂಡು ಆಮೇಲೆ ಬರ್ತಾಳೆ" ಎಂದು ಆಡಿಕೊಳ್ಳುತ್ತಿದ್ದ.

ಜೋಡೀನ್ ಪ್ರೌಟಿ ಮೊದಲ ಸಲ ಆ ಕೋಣೆಗೆ ಬಂದಾಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಊರಾಚೆಯ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ಆಯಾ. ಅಲ್ಲಿನ ಸಮವಸ್ತ್ರದಲ್ಲೇ ಬಂದಿದ್ದಳು, ಕಣ್ಣು ಕೆಂಪಗಿತ್ತು. ನರ್ಸ್ ಆಗಬೇಕು ಎಂದಳು.

"ಆದ್ರೆ ಗಣಿತ ಅಂದ್ರೆ ಕೈಕಾಲು ನಡುಗತ್ತೆ. ಮೊದ್ಲೇ ಹೇಳಿಬಿಡ್ತೀನಿ."

"ಗಣಿತ ಆಮೇಲೆ ನೋಡ್ಕೊಳ್ಳೋಣ ಬಿಡು. ನಿಂಗೆ ಯಾವುದರ ಮೇಲೆ ಆಸೆ?"

"ಮೈಯೊಳಗೆ ಏನೇನಿದೆ, ಹೆಂಗೆ ಕೆಲಸ ಮಾಡತ್ತೆ ಅಂತ ತಿಳ್ಕೊಳ್ಳೋದು. ಅಜ್ಜಿಯಂದಿರ ಕಾಲು ತೊಳೀವಾಗೆಲ್ಲ ಅದೇ ಯೋಚನೆ. ಈ ಊತ ಎಲ್ಲಿಂದ ಬಂತು ಅಂತ."

"ಹಂಗಾದ್ರೆ ಅನಾಟಮಿಯಿಂದಲೇ ಶುರು ಮಾಡು" ಎಂದಳು ಲೋರ್ನಾ.

ಜೋಡೀನ್ ಅನಾಟಮಿಯ ಎರಡೂ ಭಾಗಗಳನ್ನು ಒಂದು ವರ್ಷದಲ್ಲಿ ಮುಗಿಸಿದಳು. ಎರಡರಲ್ಲೂ ತರಗತಿಗೇ ಮೊದಲಿಗಳು. ಅಂಕಪಟ್ಟಿ ಹಿಡಿದು ಓಡಿಬಂದು ಬಾಗಿಲಲ್ಲೇ ಕುಣಿದಳು. ಲೋರ್ನಾಳೂ ಎದ್ದು ಕುಣಿದಳು. ಆ ಕಾರಿಡಾರಿನ ಮಂದಿ ಇವತ್ತಿಗೂ ಅದನ್ನು ನೆನೆಯುತ್ತಾರೆ.

ಆಮೇಲೆ ಜೋಡೀನಳ ತಾಯಿಗೆ ಮರೆವು ಹತ್ತಿತು. ವಿಲ್ಡಾಗೆ ಆಗಿನ್ನೂ ಐವತ್ತೆರಡು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಮನೆಯ ದಾರಿ. ವೈದ್ಯರು ಎರಡು ವರ್ಷ ಏನೂ ಇಲ್ಲ, ದಣಿವು ಎಂದರು. ಆಮೇಲೆ ಇದೆ ಎಂದರು, ಇದು ರಕ್ತದಲ್ಲೇ ಬರುವ ಜಾತಿಯದಿರಬಹುದು ಎಂದೂ ಸೇರಿಸಿದರು. ಜೋಡೀನ್ ಹಗಲು ತಾಯಿಯನ್ನು ನೋಡಿಕೊಳ್ಳುತ್ತಾ, ರಾತ್ರಿ ದುಡಿಯುತ್ತಾ, ಟರ್ಮಿಗೆ ಒಂದೇ ಕೋರ್ಸು ಎಂದಳು. ಲೋರ್ನಾ ಎಂದಿನಂತೆ ಅವಸರವೇನಿಲ್ಲ ಎಂದಳು.

ಆದರೆ ಆ ಹೊತ್ತಿಗೆ ಅವಸರ ಇತ್ತು. ಜೋಡೀನಳ ಎರಡನೇ ವರ್ಷದ ಆರಂಭದಲ್ಲೇ ನರ್ಸಿಂಗ್ ವಿಭಾಗ ಒಂದು ಹೊಸ ನಿಯಮ ತಂದಿತ್ತು. ವಿಜ್ಞಾನದ ಯಾವುದೇ ಕೋರ್ಸು ಮುಗಿಸಿ ಐದು ವರ್ಷ ದಾಟಿದ್ದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಓದಬೇಕು. ಲೋರ್ನಾ ಅದನ್ನು ಓದಿದ್ದಳು, ಹೊಸದಾಗಿ ಬಂದವರಿಗೆಲ್ಲ ಹೇಳಿದ್ದಳು. ಜೋಡೀನಳಿಗೂ ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಳು. ಅವಳು ಬಂದ ದಿನ ತಾಯಿ ಮನೆಯ ದಾರಿಯನ್ನೇ ಮರೆತಳೆಂದು ಬಿಕ್ಕಿ ಬಿಕ್ಕಿ ಅತ್ತಳು. ಅಂಥವಳಿಗೆ ಈ ಹೊತ್ತಲ್ಲಿ ಹೇಗೆ ಹೇಳಲಿ ಎಂದುಕೊಂಡು ಲೋರ್ನಾ ಸುಮ್ಮನಾದಳು. ಇನ್ನೂ ನಾಲ್ಕು ವರ್ಷವಿದೆಯಲ್ಲ ಎಂದುಕೊಂಡಳು. ಮುಂದಿನ ಟರ್ಮಿನಲ್ಲಿ ಜೋಡೀನ್ ಗಣಿತದಲ್ಲಿ ಫೇಲಾಗಿ ಬಂದಿದ್ದಳು. ಅದರ ಮುಂದಿನ ಸಲ ಪಾಸಾಗಿ ನಗುತ್ತಾ ಬಂದಳು. ನಗುವವಳ ನಗು ಕೆಡಿಸುವುದೇಕೆ ಎನಿಸಿತು. ಆಮೇಲೆ ಚೀಟಿ ಎಲ್ಲೋ ಹೋಯಿತು, ಹೇಳಿದ್ದೇನೆ ಎಂಬ ಭಾವನೆ ಮಾತ್ರ ಹೇಗೋ ಉಳಿದುಕೊಂಡಿತು.

ಇಲ್ಲಿ ಟಿಪ್ಪಣಿಗಳ ಮಾತು ಹೇಳಬೇಕು. ಕರ್ಟಿಸ್ ಬೀಮರ್ ಎಂಬವನು ಒಂದು ಕಾಲಕ್ಕೆ ಲೋರ್ನಾಳ ಮುಂದೆಯೇ ಕೂತು ಮಿಠಾಯಿ ತಿಂದು ಓದಿದ ಹುಡುಗ, ಈಗ ಸಲಹಾ ವಿಭಾಗಕ್ಕೆ ಯಜಮಾನ. ಪ್ರತಿ ಭೇಟಿಯ ನಂತರ ಕಂಪ್ಯೂಟರಿನಲ್ಲಿ ಟಿಪ್ಪಣಿ ಬರೆಯಬೇಕೆಂದು ಕಟ್ಟುನಿಟ್ಟು ಮಾಡಿದ. ದಿನಕ್ಕೆ ಹದಿನೆಂಟು ಜನರನ್ನು ನೋಡುವವರು ಎಷ್ಟು ಬರೆದಾರು? ಅದಕ್ಕೇ ಸಿದ್ಧ ಸಾಲುಗಳ ಒಂದು ಕಂತೆ ಎಲ್ಲರ ಬಳಿಯೂ ಇತ್ತು. ನರ್ಸಿಂಗ್ ಬಯಸುವವರದ್ದಾದರೆ ಒಂದು ಗುಂಡಿ ಒತ್ತಿದರೆ ಸಾಕು, ಇಡೀ ಪ್ಯಾರಾ ಬಂದು ಕೂರುತ್ತಿತ್ತು. ಅದರ ಕೊನೆಯ ಸಾಲು: ವಿಜ್ಞಾನದ ಕೋರ್ಸುಗಳಿಗೆ ಐದು ವರ್ಷದ ಮಿತಿ ಇರುವುದನ್ನು ವಿದ್ಯಾರ್ಥಿಗೆ ತಿಳಿಸಲಾಗಿದೆ, ವಿದ್ಯಾರ್ಥಿ ಅರ್ಥಮಾಡಿಕೊಂಡಿದ್ದಾರೆ. ಆ ನಿಯಮ ಬಂದ ಮೇಲೆ ಜೋಡೀನ್ ಒಂಬತ್ತು ಸಲ ಬಂದಳು. ಒಂಬತ್ತು ಸಲವೂ ಲೋರ್ನಾ ಆ ಗುಂಡಿ ಒತ್ತಿದಳು. ಮೋಸ ಮಾಡಬೇಕೆಂದು ಒತ್ತಿದ್ದಲ್ಲ, ಊಟಕ್ಕೆ ಕೂತವರು ಕೈ ಜೋಡಿಸುವಷ್ಟು ಸಹಜವಾಗಿ ಒತ್ತಿದ್ದು.

ಆರನೇ ವರ್ಷದ ಜನವರಿಯಲ್ಲಿ ಜೋಡೀನ್ ನರ್ಸಿಂಗ್‌ಗೆ ಅರ್ಜಿ ಹಾಕಿದಳು. ಅಷ್ಟರಲ್ಲಿ ಅವಳು ವೃದ್ಧಾಶ್ರಮದಲ್ಲಿ ಪರೀಕ್ಷೆ ಪಾಸು ಮಾಡಿ ಔಷಧಿ ಕೊಡುವ ಕೆಲಸಕ್ಕೆ ಏರಿದ್ದಳು. ಮಾತ್ರೆಯ ಗಾಡಿ ತಳ್ಳಿಕೊಂಡು ಕೋಣೆ ಕೋಣೆಗೆ ಹೋಗುವವಳು. ಮೂವತ್ತು ಸೀಟು. ಅವಳ ಅಂಕಗಳಿಗೆ ಸಿಗದೇ ಇರುವ ಮಾತೇ ಇರಲಿಲ್ಲ. ಮಾರ್ಚಿನಲ್ಲಿ ಕಾಗದ ಬಂತು. ಅನಾಟಮಿಯ ಒಂದನೇ ಭಾಗಕ್ಕೆ ಐದು ವರ್ಷ ದಾಟಿ ಎಂಟು ತಿಂಗಳಾಗಿತ್ತು, ಎರಡನೆಯದಕ್ಕೆ ಮೂರು ತಿಂಗಳು. ಅರ್ಜಿ ತಿರಸ್ಕೃತ.

ಅವಳು ಕಾಗದ ಹಿಡಿದು ಬಂದಾಗ ಲೋರ್ನಾಳಿಗೆ ನಿಂತಲ್ಲೇ ಆ ಚೀಟಿ ನೆನಪಾಯಿತು, ಅದರ ಬಣ್ಣ ಸಹಿತ.

"ನಂಗೆ ಇದು ಗೊತ್ತೇ ಇರ್ಲಿಲ್ಲ ಲೋರ್ನಾ. ನಿಮಗೆ ಗೊತ್ತಿತ್ತಾ?"

"ನಿಯಮ... ಮಧ್ಯದಲ್ಲಿ ಬದಲಾಯ್ತು ಕಣೇ" ಎಂದಳು ಲೋರ್ನಾ. ಸುಳ್ಳಲ್ಲ, ನಿಜವೂ ಅಲ್ಲ.

"ನಾನೇ ಪುಸ್ತಕ ಸರಿಯಾಗಿ ಓದ್ಕೋಬೇಕಿತ್ತು. ನನ್ನದೇ ತಪ್ಪು. ಅಪೀಲು ಮಾಡ್ಬೋದಂತೆ. ನೀವೊಂದು ಕಾಗದ ಬರ್ದು ಕೊಡ್ತೀರಾ? ನೀವು ಬರೆದ್ರೆ ಕೇಳ್ತಾರೆ."

ಲೋರ್ನಾ ಎರಡು ಪುಟದ ಕಾಗದ ಬರೆದಳು. ಜೋಡೀನ್ ಎಂಥ ಶ್ರಮಜೀವಿ, ತಾಯಿಯನ್ನು ಹೇಗೆ ಸಾಕುತ್ತಿದ್ದಾಳೆ, ಇಂಥವಳು ನರ್ಸ್ ಆಗದಿದ್ದರೆ ಇನ್ನಾರು ಆಗಬೇಕು. ಓದಿದವರ ಕಣ್ಣಲ್ಲಿ ನೀರು ಬರಬೇಕು, ಅಂಥ ಕಾಗದ. ಒಂದೇ ಒಂದು ಸಾಲು ಅದರಲ್ಲಿರಲಿಲ್ಲ: ನಾನು ಅವಳಿಗೆ ಹೇಳಲಿಲ್ಲ.

ವಿಚಾರಣೆಯ ಹಿಂದಿನ ದಿನ ಕರ್ಟಿಸ್ ಅವಳ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ.

"ಪ್ರೌಟಿ ಹುಡುಗಿ ಫೈಲು ನೋಡ್ದೆ. ಲೋರ್ನಾ, ನಿಮ್ಮ ಟಿಪ್ಪಣಿ ಬಂಗಾರ! ಒಂಬತ್ತಕ್ಕೆ ಒಂಬತ್ತೂ ಇದೆ. ನಿಮ್ಮ ಕೂದಲೂ ಕೊಂಕಲ್ಲ."

"ಕರ್ಟಿಸ್, ಆ ಸಾಲು ನಾವೆಲ್ಲ ಹೆಂಗೆ ಹಾಕ್ತೀವಿ ಅಂತ ನಿಂಗೆ ಗೊತ್ತಲ್ಲ."

ಅವನು ಒಂದು ಮಿಠಾಯಿ ತೆಗೆದುಕೊಂಡು ಸಿಪ್ಪೆ ಬಿಡಿಸಿದ. "ನಂಗೊತ್ತಿಲ್ಲ. ನೀವು ಹೇಳೋದೂ ಬೇಡ. ಒಂದು ಸಾಲು ಸುಳ್ಳು ಅಂದ್ರೆ ಇಲ್ಲಿರೋ ಆರು ಜನ ಸಲಹೆಗಾರರ ಎಲ್ಲಾ ಟಿಪ್ಪಣಿನೂ ಸುಳ್ಳು ಅಂತಾರೆ. ಜೂನ್‌ನಲ್ಲಿ ನಿವೃತ್ತಿ ಆಗ್ತಿದ್ದೀರಿ. ದೊಡ್ಡ ಕೇಕು ಹೇಳಿದ್ದೀವಿ ಮಾರಾಯ್ರೇ, ಕಾಲೇಜಿನ ಅಧ್ಯಕ್ಷರೇ ಬರ್ತಾರೆ. ನಾಳೆ ಬನ್ನಿ, ಕೇಳಿದ್ದಕ್ಕೆ ಉತ್ತರ ಹೇಳಿ, ಎದ್ದು ಹೋಗಿ."

ಉದ್ದನೆಯ ಮೇಜಿನ ಆಚೆ ಮೂರು ಜನ ಕೂತಿದ್ದರು. ನಡುವೆ ನರ್ಸಿಂಗ್ ವಿಭಾಗದ ಶ್ರೀಮತಿ ಓಸ್ಟ್‌ಗಾರ್ಡ್. ಕಟ್ಟುನಿಟ್ಟಿನ ಹೆಂಗಸು, ಆದರೆ ನ್ಯಾಯವಂತಳು. ಹೇಳದೆ ಬಿಟ್ಟಿದ್ದರೆ ವಿನಾಯಿತಿ ಕೊಡಬಹುದು, ಹೇಳಿದ್ದರೆ ಇಲ್ಲ, ಅಷ್ಟೇ ಪ್ರಶ್ನೆ ಎಂದು ಮೊದಲೇ ಹೇಳಿದಳು. ಜೋಡೀನ್ ಪಾಳಿ ಮುಗಿಸಿ, ಕೂದಲು ಬಾಚಿ, ಚರ್ಚಿಗೆ ಹಾಕುವ ನೀಲಿ ಉಡುಪು ತೊಟ್ಟು ಬಂದಿದ್ದಳು.

"ನಂಗೆ ಯಾರೂ ಹೇಳಿರ್ಲಿಲ್ಲ ಮೇಡಂ" ಎಂದಳು.

ಓಸ್ಟ್‌ಗಾರ್ಡ್ ಹಾಳೆಗಳನ್ನು ಅವಳ ಕಡೆ ತಿರುಗಿಸಿದಳು. "ಇಲ್ಲಿ ನೋಡಿ. ತಾರೀಕು ಸಮೇತ. ಒಂಬತ್ತು ಸಲ ಹೇಳಿದ್ದಾರೆ. ನಿಮಗೆ ಅರ್ಥ ಆಗಿದೆ ಅಂತಲೂ ಇದೆ."

ಜೋಡೀನ್ ಹಾಳೆಗಳನ್ನು ಒಂದೊಂದಾಗಿ ಓದಿದಳು. ಬೆರಳು ಸಾಲಿನ ಕೆಳಗೆ ಹೋಗುತ್ತಿತ್ತು. ಐದನೆಯದಕ್ಕೆ ಬರುವಾಗ ಅವಳ ಮುಖದ ಬಣ್ಣ ಹೋಗಿತ್ತು.

"ಮಿಸೆಸ್ ಹೇವರ್‌ಕ್ಯಾಂಪ್," ಎಂದಳು ಓಸ್ಟ್‌ಗಾರ್ಡ್, "ನೀವು ಇವರಿಗೆ ಹೇಳಿದ್ರಾ?"

ಜೋಡೀನ್ ತಿರುಗಿ ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ. ಇಲ್ಲ ಅನ್ನಿ, ದಯವಿಟ್ಟು ಇಲ್ಲ ಅನ್ನಿ ಎಂಬ ಬೇಡಿಕೆ ಮಾತ್ರ ಇತ್ತು. ಲೋರ್ನಾಳಿಗೆ ಅದು ಚೆನ್ನಾಗಿ ತಿಳಿಯಿತು. ಇಪ್ಪತ್ತಾರು ವರ್ಷ ಮುಖ ಓದಿದವಳಿಗೆ ತಿಳಿಯದೆ ಹೋದೀತೇ?

"ಟಿಪ್ಪಣಿಯಲ್ಲಿ ಹಾಗಿದೆ" ಎಂದಳು ಲೋರ್ನಾ.

ಜೋಡೀನ್ ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು, ನಿಧಾನವಾಗಿ, "ಲೋರ್ನಾ ಹೇಳಿದ್ದಾರೆ ಅಂದ್ರೆ ಹೇಳಿರ್ತಾರೆ. ಅವರು ಸುಳ್ಳು ಹೇಳೋರಲ್ಲ" ಎಂದಳು. "ನಂಗೇ ಮರ್ತಿರ್ಬೇಕು. ಆದ್ರೆ ಒಂಬತ್ತು ಸಲ... ಒಂದೂ ನೆನಪಿಲ್ಲ. ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು."

ಅಲ್ಲಿಯೂ ಲೋರ್ನಾಳಿಗೆ ಹೊತ್ತಿತ್ತು. ಮೇಜಿನಿಂದ ಬಾಗಿಲಿಗೆ ಹದಿನೈದು ಹೆಜ್ಜೆ, ಬಾಗಿಲಿಂದ ಕಾರಿಗೆ ಇನ್ನೂರು. ಅಷ್ಟು ಉದ್ದಕ್ಕೂ ಅವಳು ಜೋಡೀನಳ ಭುಜದ ಮೇಲೆ ಕೈಯಿಟ್ಟು ನಡೆದಳು. ನಿಮಗೆ ತೊಂದರೆ ಕೊಟ್ಟೆ, ಕ್ಷಮಿಸಿ ಎಂದಳು ಜೋಡೀನ್. ಅದಕ್ಕೂ ಲೋರ್ನಾ ತುಟಿ ಬಿಚ್ಚಲಿಲ್ಲ. ಅವಳ ಬಗ್ಗೆ ನನಗೆ ಮರುಕವಿದೆ, ಆದರೆ ಆ ಇನ್ನೂರು ಹೆಜ್ಜೆಯನ್ನು ನಾನು ಕ್ಷಮಿಸಲಾರೆ. ತನ್ನನ್ನು ತಾನು ಅವಳೂ ಕ್ಷಮಿಸಲಿಲ್ಲ ಎನ್ನುವುದು ಬೇರೆ ಮಾತು.

ಜೂನಿನಲ್ಲಿ ಕೇಕು ಕತ್ತರಿಸಿದರು. ಸಾವಿರಾರು ಬದುಕುಗಳಿಗೆ ದಾರಿ ತೋರಿದವಳು ಎಂದು ಅಧ್ಯಕ್ಷರು ಹೊಗಳಿದರು. ಲೋರ್ನಾ ನಕ್ಕಳು, ಮನೆಗೆ ಹೋಗಿ ಕಟ್ಟಿಕೊಟ್ಟಿದ್ದ ಕೇಕನ್ನು ಕಸದ ಬುಟ್ಟಿಗೆ ಹಾಕಿದಳು.

ಬೇಸಗೆಯೆಲ್ಲ ಅವಳು ಟೊಮೇಟೊ ಬೆಳೆದಳು, ಅಕ್ಕಪಕ್ಕದವರಿಗೆ ಹಂಚಿದಳು. ಮನಸ್ಸು ಕೊರೆದಾಗೆಲ್ಲ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು: ಎರಡೇ ಕೋರ್ಸು, ಮತ್ತೆ ಓದಿಕೊಂಡಾಳು, ಒಂದು ವರ್ಷ ತಡವಾದೀತು ಅಷ್ಟೆ, ಜಾಣೆ. ಸೆಪ್ಟೆಂಬರಿನಲ್ಲಿ ಹಳೆಯ ಗೆಳತಿಯೊಬ್ಬಳು ಸೊಂಟ ಮುರಿದುಕೊಂಡು ವೃದ್ಧಾಶ್ರಮ ಸೇರಿದಳು. ಒಂದು ರಾತ್ರಿ ಪೈ ಹಿಡಿದು ನೋಡಲು ಹೋದ ಲೋರ್ನಾ, ಕಾರಿಡಾರಿನ ಕೊನೆಯಲ್ಲಿ ಕೊಳೆ ಬಟ್ಟೆಯ ಗಾಡಿ ತಳ್ಳುತ್ತಿದ್ದ ಜೋಡೀನಳನ್ನು ಕಂಡಳು. ಅವಳ ಮುಂಗೈ ತುಂಬಾ ಪೆನ್ನಿನಲ್ಲಿ ಏನೇನೋ ಬರೆದಿತ್ತು.

"ಆ ಹುಡುಗಿ ಔಷಧಿ ಗಾಡಿ ನೋಡ್ಕೊಳ್ತಿದ್ಲಲ್ವಾ?" ಎಂದು ಅಲ್ಲಿನ ಮೇಲ್ವಿಚಾರಕಿಯನ್ನು ಕೇಳಿದಳು.

"ತಾನೇ ಬಿಟ್ಟುಬಿಟ್ಲು ನೋಡಿ. ಲಾಂಡ್ರಿಗೆ ಹಾಕಿ ಅಂತ ಹಟ. ಯಾವತ್ತೂ ಒಂದು ಮಾತ್ರೆ ತಪ್ಪು ಕೊಟ್ಟೋಳಲ್ಲ. ಏನು ಕೇಳಿದ್ರೂ, ನಂಗೆ ನೆನಪು ನಿಲ್ಲಲ್ಲ, ಯಾರನ್ನಾದ್ರೂ ಕೊಂದುಬಿಡ್ತೀನಿ ಅಂತಾಳೆ. ಕಾಲೇಜಿನ ಆಸೆನೂ ಬಿಟ್ಟಾಯ್ತು. ಡಾಕ್ಟರು ಏನೂ ಇಲ್ಲ ಅಂದ್ರಂತೆ. ಅಮ್ಮಂಗೂ ಎರಡು ವರ್ಷ ಹಂಗೇ ಅಂದಿದ್ರು ಅಂತಾಳೆ."

ಪೈ ಲೋರ್ನಾಳ ಕೈಯಲ್ಲೇ ಇತ್ತು. ಹೋಗಿ ಆ ಗಾಡಿ ತಡೆದು ನಿಲ್ಲಿಸಬೇಕು ಎನಿಸಿತು. ಒಂದೆರಡು ಹೆಜ್ಜೆ ಹಾಕಿದ್ದೂ ಹೌದು. ಆದರೆ ಬರಿಗೈಯಲ್ಲಿ ಏನೆಂದು ಹೇಳುವುದು? ಮೊದಲು ಕಾಲೇಜಿನಲ್ಲಿ ಎಲ್ಲ ಸರಿಮಾಡಿ, ಸೀಟು ಕೊಡಿಸಿ, ಆ ಕಾಗದ ಕೈಯಲ್ಲಿಟ್ಟುಕೊಂಡೇ ಬರುತ್ತೇನೆ, ಆಗ ಕೆಟ್ಟ ಮಾತಿನ ಜೊತೆ ಒಳ್ಳೆಯ ಮಾತೂ ಇರುತ್ತದೆ ಎಂದುಕೊಂಡು ಹಿಂದಿರುಗಿದಳು.

ಈ ಸಲ ಅವಳು ಸುಮ್ಮನೆ ಕೂರಲಿಲ್ಲ, ಅದನ್ನು ಒಪ್ಪಬೇಕು. ಮಾರನೆಯ ಬೆಳಿಗ್ಗೆಯೇ ಓಸ್ಟ್‌ಗಾರ್ಡಳ ಕೋಣೆಗೆ ಹೋಗಿ, ಒಂಬತ್ತು ತಾರೀಕುಗಳನ್ನೂ ಬರೆದು, ಪ್ರತಿಯೊಂದರ ಮುಂದೆ "ಹೇಳಲಿಲ್ಲ" ಎಂದು ತನ್ನ ಕೈಯಾರೆ ಬರೆದು ಸಹಿ ಹಾಕಿದಳು. ಗುಂಡಿಯ ಕಥೆಯನ್ನೂ ಹೇಳಿದಳು. ಕರ್ಟಿಸ್ ಕಾರಿಡಾರಿನಲ್ಲಿ ಅಡ್ಡ ನಿಂತು ಕೂಗಾಡಿದ.

"ಮುಗಿದು ಹೋಗಿತ್ತಲ್ಲ ಲೋರ್ನಾ! ಈಗ ನಿಮ್ಮನ್ನ ಯಾರು ಕೇಳಿದ್ರು?"

"ಅವತ್ತೇ ಕೇಳಿದ್ರು ಕಣೋ. ನಾನು ಉತ್ತರ ಹೇಳಿರ್ಲಿಲ್ಲ."

ಸಮಿತಿ ಮತ್ತೆ ಸೇರಲು ಮೂರು ವಾರ ಬೇಕಾಯಿತು. ಅಕ್ಟೋಬರಿನ ಎರಡನೇ ವಾರ ತೀರ್ಮಾನ ಬಂತು: ಹಳೆಯ ಅನಾಟಮಿ ಒಪ್ಪಿಗೆ, ಜನವರಿಯ ತಂಡದಲ್ಲಿ ಜೋಡೀನ್ ಪ್ರೌಟಿಗೆ ಒಂದು ಸೀಟು. ಲೋರ್ನಾ ಆ ಕಾಗದವನ್ನು ತಾನೇ ತಲುಪಿಸುತ್ತೇನೆ ಎಂದು ಬೇಡಿ ಇಸಿದುಕೊಂಡಳು. ತಿಂಗಳುಗಳ ನಂತರ ಅವತ್ತು ಅವಳಿಗೆ ಹೊಟ್ಟೆ ತುಂಬ ತಿಂಡಿ ಸೇರಿತು.

ಬೆಳಿಗ್ಗೆ ಏಳಕ್ಕೆ ವೃದ್ಧಾಶ್ರಮದ ಪಾಳಿ ಬಿಡುತ್ತದೆ. ಲೋರ್ನಾ ಹಿಂಬಾಗಿಲ ಬೆಂಚಿನ ಹತ್ತಿರ ಕಾದು ನಿಂತಿದ್ದಳು. ಮಂಜು ಬಿದ್ದು ಕಾರಿನ ಗಾಜುಗಳೆಲ್ಲ ಬೆಳ್ಳಗಾಗಿದ್ದವು. ಜೋಡೀನ್ ಹೊರಗೆ ಬಂದವಳು ಅವಳನ್ನು ಕಂಡು ಸಣ್ಣಗೆ ನಕ್ಕಳು.

"ಲೋರ್ನಾ! ಇಷ್ಟು ಬೆಳಿಗ್ಗೆ? ವಿಷಯ ತಿಳೀತಾ ನಿಮಗೆ? ಅದಕ್ಕೇ ಬಂದ್ರಾ?"

ಯಾವ ವಿಷಯ ಎಂದು ಕೇಳುವ ತಾಳ್ಮೆ ಲೋರ್ನಾಳಿಗೆ ಇರಲಿಲ್ಲ. ಐದು ವರ್ಷ ಕಟ್ಟಿಕೊಂಡಿದ್ದ ಬಾಯಿ ಒಮ್ಮೆಲೇ ಬಿಚ್ಚಿತ್ತು.

"ಜೋಡೀನ್, ನಾನು ನಿಂಗೆ ಹೇಳಿರ್ಲಿಲ್ಲ. ಐದು ವರ್ಷದ ನಿಯಮ. ಒಂದ್ಸಲಾನೂ ಹೇಳಿರ್ಲಿಲ್ಲ. ಆ ಟಿಪ್ಪಣಿ ಎಲ್ಲ ಗುಂಡಿ ಒತ್ತಿ ಹಾಕಿದ್ದು. ನೀನು ಏನನ್ನೂ ಮರ್ತಿಲ್ಲ."

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ."

ಜೋಡೀನ್ ಬೆಂಚಿನ ಮೇಲೆ ಕೂತಳು. ತನ್ನ ಮುಂಗೈಯ ಮೇಲಿನ ಬರಹವನ್ನು ನೋಡಿದಳು, ಹೆಬ್ಬೆರಳಿನಿಂದ ಉಜ್ಜಿದಳು. "ಹಂಗಾದ್ರೆ ನಂಗೇನೂ ಆಗಿಲ್ಲ" ಎಂದಳು. ಇನ್ನೊಮ್ಮೆ ಹೇಳಿದಳು. ಕಣ್ಣಲ್ಲಿ ನೀರು ಇಳಿಯಿತು, ಅದರೊಳಗೇ ನಗು ಬಂತು. ಲೋರ್ನಾ ಕಾಗದ ತೆಗೆದು ಅವಳ ಮಡಿಲಲ್ಲಿಟ್ಟಳು. ಸೀಟು ಸಿಕ್ಕಿದೆ, ಜನವರಿಗೆ ಶುರು, ಎಲ್ಲ ಸರಿಹೋಯಿತು ಎಂದಳು. ಜೋಡೀನ್ ಅದನ್ನು ಓದಿದಳು. ಓದುತ್ತಾ ಓದುತ್ತಾ ಅವಳ ನಗು ನಿಂತಿತು.

"ಇದನ್ನ ಯಾವಾಗ ಹೇಳಿದ್ರಿ ನೀವು ಅವರಿಗೆ? ಕಾಲೇಜಿನವರಿಗೆ?"

"ಮೂರು ವಾರ ಆಯ್ತು. ಕೈಲಿ ಕಾಗದ ಬರ್ಲಿ, ಖುಷಿಯಿಂದಲೇ ಹೇಳೋಣ ಅಂತ ಕಾದೆ ಕಣೇ."

"ಮೂರು ವಾರ" ಎಂದಳು ಜೋಡೀನ್.

ಅವಳು ಕಾಗದವನ್ನು ಮೊದಲಿದ್ದ ಹಾಗೆಯೇ ಮಡಚಿದಳು. ದನಿ ಏರಲಿಲ್ಲ. ಏರಿದ್ದರೆ ಲೋರ್ನಾ ತಡೆದುಕೊಳ್ಳುತ್ತಿದ್ದಳೇನೋ.

"ಅಮ್ಮ ಹೋದ ಮಂಗಳವಾರ ತೀರ್ಕೊಂಡ್ಲು. ಅದರ ಹಿಂದಿನ ವಾರ ಒಂದಿನ ಅವಳಿಗೆ ಪೂರ್ತಿ ಎಚ್ಚರ ಬಂತು. ನನ್ನ ಹೆಸರು ಹಿಡಿದು ಕರೆದ್ಲು. ಎರಡು ವರ್ಷ ಆಗಿತ್ತು ಕರೆದು. ಯಾಕೆ ಇಳಿದುಹೋಗಿದ್ದೀಯ, ಕಾಲೇಜಿಗೆ ಹೋಗ್ತಿಲ್ವಾ ಅಂದ್ಲು. ಅವಳ ಹತ್ರ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ. ನಂಗೂ ಅದೇ ಬಂದಿದೆ ಕಣಮ್ಮಾ ಅಂದೆ. ನಾನು ಕೊಟ್ಟೆನಲ್ಲ ನಿಂಗೆ, ನಾನು ಕೊಟ್ಟೆನಲ್ಲ ಅಂತ ಸಂಜೆವರೆಗೂ ಅತ್ಲು. ಆಮೇಲೆ ಮತ್ತೆ ಎಚ್ಚರ ಬರ್ಲಿಲ್ಲ."

ಜೋಡೀನ್ ಎದ್ದು ಕಾಗದವನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

"ಜನವರಿಗೆ ಸೇರ್ತೀನಿ. ನೀವು ಮಾತ್ರ ಇನ್ನು ನನ್ನ ನೋಡೋಕೆ ಬರಬೇಡಿ" ಎಂದಳು. ಕಾರಿನ ಗಾಜಿನ ಮೇಲಿನ ಮಂಜನ್ನು ಬರಿಗೈಯಲ್ಲೇ ಕೆರೆದು, ಒಳಗೆ ಕೂತು, ಹೊರಟುಹೋದಳು.